ಹಗೇವಿನ ದೀಪ

ನಾಗಮಂಗಲ, ಕೃಷ್ಣರಾಜಪೇಟೆ ತಾಲ್ಲೂಕುಗಳ ರಾಗಿಯ ಹಳ್ಳಿಗಳಲ್ಲಿ ಹಿಂದೆ ಮನೆಯ ಮುಂದಣ ಅಂಗಳದಲ್ಲಿಯೋ ಊರಿನ ಎತ್ತರದ ಬಯಲಿನಲ್ಲಿಯೋ ನೆಲದೊಳಗೆ ತೋಡಿದ ಕಣಜಗಳಿರುತ್ತಿದ್ದುವು. ಅವುಗಳಿಗೆ ಹಗೇವು ಎಂದು ಹೆಸರು. ನೀರು ನಿಲ್ಲದ ಗಟ್ಟಿನೆಲವನ್ನು ಆರಿಸಿ, ಬಾಯಿ ಕಿರಿದಾಗಿಯೂ ಹೊಟ್ಟೆ ಅಗಲವಾಗಿಯೂ ಇರುವ ಗುಡಾಣದ ಆಕಾರದಲ್ಲಿ ಗುಳಿ ತೆಗೆದು, ಒಳಮೈಗೆ ಹುಲ್ಲನ್ನು ಒತ್ತಿ, ಚೆನ್ನಾಗಿ ಒಣಗಿದ ರಾಗಿಯನ್ನು ಖಂಡುಗಗಟ್ಟಲೆ ಸುರಿದು, ಬಾಯಿಗೆ ಚಪ್ಪಡಿಕಲ್ಲನ್ನಿಟ್ಟು, ಸಂದುಗಳಿಗೆಲ್ಲ ಮಣ್ಣು ಮೆತ್ತಿಬಿಡುತ್ತಿದ್ದರು. ಹೀಗೆ ಮುಚ್ಚಿದ ರಾಗಿ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. 1876–78ರ ಧಾತು, ಈಶ್ವರ ಸಂವತ್ಸರಗಳ ಘೋರ ಕ್ಷಾಮವನ್ನು ಕಂಡ ಸೀಮೆ ಇದು. ಮಳೆ ಕೈಕೊಟ್ಟ ವರ್ಷ ಹಗೇವಿನಲ್ಲಿ ಉಳಿದಿದ್ದ ರಾಗಿಯೆಂದರೆ ಮನೆಮಂದಿಯ ಪ್ರಾಣವೆಂದೇ ಹೇಳಬೇಕು.

ಆದರೆ ಪ್ರಾಣವನ್ನು ಉಳಿಸುವ ಈ ಗುಳಿಯೇ ಪ್ರಾಣವನ್ನು ತೆಗೆಯುವುದೂ ಉಂಟು. ಆದುದರಿಂದ ಹಗೇವಿನ ಬಾಯಿ ತೆಗೆದೊಡನೆ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಆಮೇಲೆ ಹೊತ್ತಿಸಿದ ದೀಪವೊಂದನ್ನು ಹಗ್ಗಕ್ಕೆ ಕಟ್ಟಿ ಮೆಲ್ಲನೆ ಇಳಿಬಿಡುವರು. ದೀಪ ಉರಿಯುತ್ತಿದ್ದರೆ ಆಳು ಇಳಿಯಬಹುದು. ನಂದಿತೆಂದರೆ ಇನ್ನೂ ಕಾಯಬೇಕು. ಈ ನಿಯಮವನ್ನು ಮೀರಿ, ಆತುರಕ್ಕೋ ಅಸಡ್ಡೆಗೋ ಒಳಗಿಳಿದವರು ರಾಗಿಯ ಮೇಲೆಯೇ ಕುಸಿದು ಬಿದ್ದ ಕಥೆಗಳನ್ನು ಆ ಕಡೆಯ ಹಿರಿಯರು ಇಂದಿಗೂ ಹೇಳುತ್ತಾರೆ. ಒಳಗೆ ‘ಕೆಟ್ಟ ಗಾಳಿ’ ಇರುತ್ತದೆ ಎಂಬುದು ಅವರ ವಿವರಣೆ.

ಆ ಗಾಳಿಯನ್ನು ಕೆಡಿಸಿದವರು ಯಾರು? ಇದನ್ನು ಹುಡುಕುತ್ತ ಹೊರಟರೆ, ಉಸಿರೆಂಬುದು ಏನು, ಉಸಿರಿಲ್ಲದೆ ಬಾಳುವವರು ಯಾರು ಎಂಬ ದೊಡ್ಡ ಪ್ರಶ್ನೆಗಳೇ ಎದುರಾಗುತ್ತವೆ. ಆದುದರಿಂದ ನಾವು ಈ ಪ್ರಬಂಧದಲ್ಲಿ ಹಗೇವಿನ ಬಾಯಿಂದ ಹೊರಟು, ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಸ್ವಲ್ಪ ಸುತ್ತಾಡೋಣ.

ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, ಸುಮಾರು 21 ಪಾಲು ಆಮ್ಲಜನಕ. ಇಂಗಾಲಾಮ್ಲ ವಾಯು, ಅಂದರೆ ಈಗಿನ ಪಠ್ಯಪುಸ್ತಕಗಳ ಕಾರ್ಬನ್ ಡೈಆಕ್ಸೈಡು, ಅತ್ಯಲ್ಪ. ಹತ್ತು ಸಾವಿರದಲ್ಲಿ ನಾಲ್ಕು ಪಾಲು ಮಾತ್ರ. ಹಗೇವನ್ನು ಮುಚ್ಚುವಾಗ ರಾಗಿಯ ಕಾಳುಗಳ ಸಂದಿನಲ್ಲಿ ಸಿಕ್ಕಿಕೊಳ್ಳುವುದೂ ಇದೇ ಗಾಳಿಯೇ. ರಾಗಿಯ ಕಾಳು ಕಲ್ಲಿನಂತೆ ಜಡವಾಗಿ ಕಂಡರೂ ಸತ್ತದ್ದಲ್ಲ. ಅದರೊಳಗೆ ಮಲಗಿರುವ ಮೊಳಕೆ ಬಹಳ ಮೆಲ್ಲಗೆ ಉಸಿರಾಡುತ್ತಿರುತ್ತದೆ. ಕಾಳು ಒಣಗಿದಷ್ಟೂ ಈ ಉಸಿರು ಸಣ್ಣದು, ತೇವವಾದಷ್ಟೂ ದೊಡ್ಡದು. ಕಾಳಿನೊಡನೆ ಒಳಹೊಕ್ಕ ಹುಳುಗಳೂ ಬೂಷ್ಟಿನ ಬೀಜಗಳೂ ಉಸಿರಾಡುತ್ತವೆ. ಒಳಗಿರುವವರೆಲ್ಲರೂ ಸೇರಿ ಆಮ್ಲಜನಕವನ್ನು ತೆಗೆದುಕೊಂಡು, ಹೆಚ್ಚುಕಡಿಮೆ ಅಷ್ಟೇ ಗಾತ್ರದ ಇಂಗಾಲಾಮ್ಲವನ್ನು ಹೊರಬಿಡುತ್ತಾರೆ. ಹೊರಗಿನಿಂದ ಹೊಸ ಗಾಳಿ ಬರಲು ದಾರಿಯಿಲ್ಲ. ದಿನಗಳು ಕಳೆದಂತೆ 21 ಪಾಲು 15 ಆಗುತ್ತದೆ, 10 ಆಗುತ್ತದೆ, ಕಡೆಗೆ ಎರಡು ಮೂರಕ್ಕೂ ಇಳಿಯುತ್ತದೆ. ನೂರಕ್ಕೆ 3 ಪಾಲಿಗಿಂತ ಕಡಿಮೆಯಾದ ಸ್ಥಿತಿ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಮುಂದುವರಿದರೆ ಧಾನ್ಯದ ಹುಳುಗಳು ಉಳಿಯಲಾರವು. ನೋಡಿರಿ, ಎಂತಹ ಸ್ವಾರಸ್ಯ! ಕಳ್ಳನು ತಾನೇ ಉಸಿರಾಡಿ ತನ್ನ ಸೆರೆಮನೆಯ ಗಾಳಿಯನ್ನು ಮುಗಿಸುತ್ತಾನೆ. ಹುಳು ಹೆಚ್ಚಿದ್ದಷ್ಟೂ ಅದರ ಸಾವು ಬೇಗ. ಒಣಗಿದ ರಾಗಿಯಾದರೋ ತನ್ನ ಬಡ ಉಸಿರನ್ನು ಇನ್ನಷ್ಟು ಬಿಗಿಹಿಡಿದು ಮಲಗಿಬಿಡುತ್ತದೆ. ಧಾನ್ಯವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲಗಳಲ್ಲಿ ಮುಚ್ಚಿಡುವ ಪದ್ಧತಿ ಈಗ ಅನೇಕ ದೇಶಗಳಲ್ಲಿ ಬಂದಿದೆ. ಅದರ ತತ್ತ್ವವೂ ಇದೇ.

ಇಂಗಾಲಾಮ್ಲವು ಗಾಳಿಗಿಂತ ಒಂದೂವರೆ ಪಾಲು ಭಾರ. ಹಗೇವಿನ ಬಾಯಿ ತೆಗೆದರೂ ಅದು ಹೊಗೆಯಂತೆ ತಾನಾಗಿ ಮೇಲೇರಿ ಹೋಗದೆ, ಬಾವಿಯ ನೀರಿನಂತೆ ತಳದಲ್ಲಿ ನಿಂತಿರುತ್ತದೆ. ಬಣ್ಣವಿಲ್ಲ, ಮೂಗಿಗೆ ತಿಳಿಯುವ ವಾಸನೆಯಿಲ್ಲ. ಅದನ್ನು ಕಾಣುವ ಕಣ್ಣು ಆ ದೀಪವೊಂದೇ.

ದೀಪವನ್ನು ಆರಿಸಿಕೊಂಡ ನಮ್ಮ ರೈತರು ರಸಾಯನಶಾಸ್ತ್ರವನ್ನು ಓದಿದವರಲ್ಲ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಗಾಜಿನ ಪಾತ್ರೆಯನ್ನು ಬೋರಲು ಹಾಕಿ ಅದರೊಳಗೆ ಮೇಣದಬತ್ತಿಯನ್ನೂ ಇಲಿಯನ್ನೂ ಇಟ್ಟು ಪರೀಕ್ಷಿಸಿದನು. ಬತ್ತಿ ಕೆಡಿಸಿದ ಗಾಳಿಯಲ್ಲಿ ಇಲಿ ಬದುಕಲಾರದೆಂದು ಕಂಡನು. ಹಾಗೆ ಕೆಟ್ಟ ಗಾಳಿಯನ್ನು ಪುದೀನ ಗಿಡದ ಒಂದು ಚಿಗುರು ಮತ್ತೆ ಸರಿಪಡಿಸುವುದೆಂದು 1771ರಲ್ಲಿ ತೋರಿಸಿ, 1774ರಲ್ಲಿ ಆಮ್ಲಜನಕವನ್ನೇ ಬೇರ್ಪಡಿಸಿದನು. ದೀಪದ ಉರಿ ಮತ್ತು ಜೀವಿಯ ಉಸಿರು ಒಂದೇ ಬಗೆಯ ಕಾರ್ಯವೆಂದು ಅನಂತರ ಲವಾಸಿಯೆ ನಿರ್ಧರಿಸಿದನು. ಎರಡರಲ್ಲಿಯೂ ಇಂಗಾಲವು ಆಮ್ಲಜನಕದೊಡನೆ ಕೂಡುತ್ತದೆ, ಶಾಖ ಹುಟ್ಟುತ್ತದೆ. ಆದರೆ ದೀಪವು ನಮಗಿಂತ ಸುಕುಮಾರವಾದುದು. ಆಮ್ಲಜನಕ ನೂರಕ್ಕೆ 16–17 ಪಾಲಿಗೆ ಇಳಿದರೆ ಸಾಮಾನ್ಯವಾದ ಬತ್ತಿ ಆರಿಹೋಗುತ್ತದೆ. ಅಷ್ಟರಲ್ಲಿ ಮನುಷ್ಯನಿಗೆ ಏದುಸಿರು ಬರುತ್ತದೆಯೇ ಹೊರತು ಪ್ರಾಣ ಹೋಗುವುದಿಲ್ಲ. 10ಕ್ಕೆ ಇಳಿದರೆ ಬುದ್ಧಿ ಮಂಕಾಗಿ ಎಚ್ಚರ ತಪ್ಪಬಹುದು. 6ಕ್ಕಿಂತ ಕೆಳಗಾದರೆ ಕೆಲವೇ ನಿಮಿಷಗಳಲ್ಲಿ ಸಾವು. ದೀಪದ ಸಾವಿಗೂ ಮನುಷ್ಯನ ಸಾವಿಗೂ ನಡುವಣ ಈ ಅಂತರವೇ ಹಿಂದಿನವರ ಪರೀಕ್ಷೆಯ ಬಲ.

ಒಳಗಿಳಿದವನು ಕೂಗಿಕೊಳ್ಳದೆ ಏಕೆ ಬೀಳುತ್ತಾನೆ ಎಂದು ವಾಚಕರು ಕೇಳಬಹುದು. ನಾವು ಮೂಗು ಮುಚ್ಚಿಕೊಂಡರೂ ಒಂದು ನಿಮಿಷ ತಾಳಬಲ್ಲೆವಲ್ಲ? ಇಲ್ಲಿ ಒಂದು ಸೂಕ್ಷ್ಮವಿದೆ. ಮೂಗು ಮುಚ್ಚಿಕೊಂಡಾಗ ಶ್ವಾಸಕೋಶದಲ್ಲಿ ಒಳ್ಳೆಯ ಗಾಳಿಯೇ ತುಂಬಿರುತ್ತದೆ. ಆಮ್ಲಜನಕವಿಲ್ಲದ ಗಾಳಿಯನ್ನು ಒಳಗೆಳೆದುಕೊಂಡರೆ, ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಹರಿಯುವ ನಿಯಮದಂತೆ, ರಕ್ತದಲ್ಲಿದ್ದ ಆಮ್ಲಜನಕವೂ ಶ್ವಾಸಕೋಶಕ್ಕೆ ಬಂದು ಹೊರಗೆ ಹೊರಟುಹೋಗುತ್ತದೆ. ಎರಡು ಮೂರು ಉಸಿರುಗಳಲ್ಲಿ ರಕ್ತ ಬರಿದಾಗುತ್ತದೆ. ನಮ್ಮ ಮೆದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2 ಪಾಲಾದರೂ ಅದು ಆಮ್ಲಜನಕದ 20 ಪಾಲನ್ನು ಬೇಡುವ ಅಂಗ. ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಅದು ಕೈಬಿಡುತ್ತದೆ. ಮೇಲೆ ನಿಂತವನು ತಮ್ಮನೋ ಮಗನೋ ಆಗಿರುತ್ತಾನೆ. ಬಿದ್ದವನನ್ನು ಎತ್ತಲೆಂದು ಅವನೂ ಹಾರುತ್ತಾನೆ. ಅವನ ಹಿಂದೆ ಮತ್ತೊಬ್ಬನು. ಇಂತಹ ಗುಳಿಗಳಲ್ಲಿ ಸಾವು ಒಂದಕ್ಕೇ ನಿಲ್ಲದಿರುವುದು ಹೀಗೆ.

ಮನುಷ್ಯನಿಗೆ ಆಮ್ಲಜನಕದ ಹಂಗು ಇಷ್ಟೊಂದು ಏಕೆ? ಇದಕ್ಕೆ ಉತ್ತರ ಒಂದು ಜಮಾಖರ್ಚಿನ ಲೆಕ್ಕದಲ್ಲಿದೆ. ಜೀವಕೋಶವು ತನ್ನ ಕೆಲಸಗಳಿಗೆಲ್ಲ ಎ.ಟಿ.ಪಿ. ಎಂಬ ಒಂದು ವಸ್ತುವನ್ನು ನಾಣ್ಯದಂತೆ ವೆಚ್ಚಮಾಡುತ್ತದೆ. ಗ್ಲೂಕೋಸಿನ ಒಂದು ಅಣುವನ್ನು ಆಮ್ಲಜನಕದ ನೆರವಿನಿಂದ ಪೂರ್ತಿಯಾಗಿ ಉರಿಸಿದರೆ ಸುಮಾರು 30 ನಾಣ್ಯ ದೊರೆಯುತ್ತದೆ. (ಹಳೆಯ ಪುಸ್ತಕಗಳಲ್ಲಿ 36, 38 ಎಂದಿರುವುದುಂಟು. ಈಗಿನ ಅಳತೆ ಅದಕ್ಕಿಂತ ಕಡಿಮೆ.) ಆಮ್ಲಜನಕವಿಲ್ಲದೆ ಅದೇ ಅಣುವನ್ನು ಮುರಿದರೆ ಸಿಕ್ಕುವುದು ಕೇವಲ 2. ಮೆದುಳು, ಹೃದಯಗಳಂತಹ ದುಬಾರಿ ಸಂಸಾರಗಳು ಎರಡು ನಾಣ್ಯದಲ್ಲಿ ನಡೆಯುವುದಿಲ್ಲ. ಕಾಲಿನ ಸ್ನಾಯುಗಳು ಸ್ವಲ್ಪ ಕಾಲ ನಡೆಸಬಲ್ಲವು. ನೂರು ಮೀಟರಿನ ಓಟದಲ್ಲಿ ಹುಡುಗನು ವ್ಯಯಮಾಡುವ ಶಕ್ತಿಯ ಬಹುಭಾಗ ಆಮ್ಲಜನಕದ ಸಹಾಯವಿಲ್ಲದೆ ಹುಟ್ಟಿದ್ದು. ಅದರಿಂದ ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತದೆ. ಓಟ ಮುಗಿದ ಮೇಲೆ ನಿಂತು ಏದುಸಿರು ಬಿಡುವುದು ಆ ಸಾಲವನ್ನು ತೀರಿಸುವ ಬಗೆ. ಮರುದಿನದ ಮೈಕೈ ನೋವಿಗೂ ಈ ಆಮ್ಲವೇ ಕಾರಣವೆಂದು ಬಹುಕಾಲ ಕಲಿಸುತ್ತಿದ್ದರು. ಅದು ಸರಿಯಲ್ಲ.

ಎರಡೇ ನಾಣ್ಯದಲ್ಲಿ ಅಚ್ಚುಕಟ್ಟಾಗಿ ಸಂಸಾರ ನಡೆಸುವವರನ್ನು ನೋಡಬೇಕಾದರೆ ಪಾಂಡವಪುರದ ಕಡೆಯ ಒಂದು ಆಲೆಮನೆಗೆ ಹೋಗಬೇಕು. ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಕೂಡಲೆ ಕೊಪ್ಪರಿಗೆಗೆ ಏರಿಸುತ್ತಾರೆ. ಏನೋ ಅಡಚಣೆಯಾಗಿ ರಾತ್ರಿಯೆಲ್ಲ ಹಾಗೆಯೇ ಉಳಿಯಿತೆನ್ನಿ. ಬೆಳಗಾಗುವುದರೊಳಗೆ ಮೇಲೆ ನೊರೆ ಕಟ್ಟಿ, ಹುಳಿವಾಸನೆ ಬಂದು, ಅದರಿಂದ ಒಳ್ಳೆಯ ಅಚ್ಚುಬೆಲ್ಲವಾಗುವ ಆಸೆ ಮುಗಿದಿರುತ್ತದೆ. ಕಬ್ಬಿನ ಸಿಪ್ಪೆಯ ಮೇಲೆಯೂ ಗಾಣದ ಮೇಲೆಯೂ ಇದ್ದ ಸೂಕ್ಷ್ಮಜೀವಿಗಳು, ಅದರಲ್ಲಿಯೂ ಯೀಸ್ಟ್ ಎಂಬ ಹುದುಗುಜೀವಿ, ಸಕ್ಕರೆಯ ಮೇಲೆ ಬಿದ್ದಿವೆ. ಗಾಳಿ ಸಿಕ್ಕಿದರೆ ಯೀಸ್ಟ್ ನಮ್ಮಂತೆಯೇ ಉಸಿರಾಡುತ್ತದೆ. ಗಾಳಿ ಸಿಕ್ಕದ ಆಳದಲ್ಲಿ ಸಕ್ಕರೆಯನ್ನು ಅರ್ಧಕ್ಕೇ ಮುರಿದು ಮದ್ಯಸಾರವನ್ನಾಗಿಯೂ ಇಂಗಾಲಾಮ್ಲವನ್ನಾಗಿಯೂ ಮಾಡಿ, ಎರಡು ನಾಣ್ಯ ಕಿಸೆಗೆ ಹಾಕಿಕೊಳ್ಳುತ್ತದೆ. ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಯುವ ಕಾಕಂಬಿಯನ್ನು ಬಟ್ಟಿಯ ಮನೆಗಳಲ್ಲಿ ಮದ್ಯಸಾರವನ್ನಾಗಿ ಮಾಡುವವರು ಬೇಕೆಂದೇ ಮಾಡಿಸುವ ಕೆಲಸವೂ ಇದೇ. ಮದ್ಯಸಾರಕ್ಕೆ ಬೆಂಕಿ ಹಚ್ಚಿದರೆ ನೀಲಿಯಾಗಿ ಉರಿಯುತ್ತದೆಯಲ್ಲವೆ? ಯೀಸ್ಟ್ ಬಿಡಿಸಿಕೊಳ್ಳಲಾರದೆ ಎಸೆದ ಉಳಿದ ಶಕ್ತಿಯೇ ಆ ಉರಿ. ಗಾಳಿಯಿಲ್ಲದೆ ಬದುಕುವವರ ಕಸವೆಲ್ಲ ಸಾಮಾನ್ಯವಾಗಿ ಹೀಗೆಯೇ. ನಮ್ಮ ಪಾಲಿಗೆ ಅದು ಇನ್ನೂ ಸೌದೆ.

ಆದರೂ ಯೀಸ್ಟ್ ಎರಡು ದೋಣಿಯಲ್ಲಿ ಕಾಲಿಟ್ಟವನು. ಗಾಳಿಯನ್ನು ಕಂಡರೆ ಸಾಯುವ ಜೀವಿಗಳೂ ಇವೆ ಎಂಬುದನ್ನು 1861ರಲ್ಲಿ ಮೊದಲು ತೋರಿಸಿಕೊಟ್ಟವನು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್. ಹಳಸಿದ ಬೆಣ್ಣೆಯ ವಾಸನೆಗೆ ಕಾರಣವಾದ ಆಮ್ಲವನ್ನು ಹುಟ್ಟಿಸುವ ಸೂಕ್ಷ್ಮಜೀವಿಗಳನ್ನು ಅವನು ಸೂಕ್ಷ್ಮದರ್ಶಕದ ಕೆಳಗೆ ಒಂದು ತೊಟ್ಟಿನಲ್ಲಿ ನೋಡುತ್ತಿದ್ದನು. ತೊಟ್ಟಿನ ನಡುವೆ ಅವು ಚುರುಕಾಗಿ ಓಡಾಡುತ್ತಿದ್ದುವು. ಗಾಳಿ ತಾಗುವ ಅಂಚಿನಲ್ಲಿದ್ದುವು ನಿಶ್ಚಲವಾಗಿದ್ದುವು. ಬೇರೆ ಜೀವಿಗಳಲ್ಲಿ ಅವನು ಕಂಡಿದ್ದುದು ಇದಕ್ಕೆ ತೀರ ವಿರುದ್ಧ: ಗಾಳಿಯ ಕಡೆಗೆ ಓಟ. ಅಂದಿನವರೆಗೆ ಗಾಳಿಯಿಲ್ಲದೆ ಜೀವವಿಲ್ಲವೆಂಬುದು ವಿಜ್ಞಾನದ ಸಿದ್ಧಾಂತವಾಗಿತ್ತು. ಒಂದು ತೊಟ್ಟು ನೀರು ಅದನ್ನು ಉರುಳಿಸಿತು.

ಪ್ರಾಣವಾಯುವು ವಿಷವಾಗುವುದೆಂತು? ಆಮ್ಲಜನಕವು ಶಕ್ತಿಯನ್ನು ಬಿಡಿಸಿಕೊಡುವಾಗ ಅಲ್ಲಲ್ಲಿ ಕಿಡಿ ಸಿಡಿದಂತೆ ಕೆಲವು ಉಗ್ರವಾದ ರೂಪಗಳನ್ನು ತಾಳುತ್ತದೆ. ಜಲಜನಕದ ಪೆರಾಕ್ಸೈಡು ಅವುಗಳಲ್ಲೊಂದು. ಇವು ಜೀವಕೋಶದ ಅಂಗಾಂಗಗಳನ್ನೇ ಸುಡಬಲ್ಲವು. ನಮ್ಮ ಕೋಶಗಳಲ್ಲಿ ಈ ಕಿಡಿಗಳನ್ನು ಆರಿಸುವ ಕಿಣ್ವಗಳಿವೆ. ಗಾಯಕ್ಕೆ ಪೆರಾಕ್ಸೈಡನ್ನು ಹಾಕಿದಾಗ ಬುಸುಬುಸು ನೊರೆ ಬರುವುದು ಅವುಗಳಲ್ಲಿ ಒಂದರ ಕೆಲಸ. ಅಂತಹ ಇನ್ನೊಂದು ಕಿಣ್ವದ ಕಾರ್ಯವನ್ನು ಮಕ್ಕಾರ್ಡ್, ಫ್ರಿಡೊವಿಚ್ ಎಂಬ ವಿಜ್ಞಾನಿಗಳು 1969ರಲ್ಲಿ ತಿಳಿಸಿದರು. ಗಾಳಿಗೆ ಅಂಜುವ ಜೀವಿಗಳಲ್ಲಿ ಈ ಕಾವಲು ಇಲ್ಲ, ಅಥವಾ ಸಾಲದು. ಧನುರ್ವಾಯುವಿನ ಕ್ರಿಮಿ ಇವುಗಳ ಗುಂಪಿಗೆ ಸೇರಿದ್ದು. ಮಣ್ಣಿನಲ್ಲಿಯೂ ಗೊಬ್ಬರದಲ್ಲಿಯೂ ಅದರ ಬೀಜಾಣುಗಳು ಗಟ್ಟಿಕವಚ ತೊಟ್ಟು ಮಲಗಿರುತ್ತವೆ. ಮೊಣಕಾಲು ತರಚಿದ ಅಗಲವಾದ ಗಾಯದಲ್ಲಿ ಗಾಳಿಯಾಡುವುದರಿಂದ ಅವು ಏಳುವುದು ಕಷ್ಟ. ಬರಿಗಾಲಿಗೆ ಆಳವಾಗಿ ಚುಚ್ಚಿ ಮೇಲೆ ಬೇಗ ಮುಚ್ಚಿಕೊಂಡ ಮೊಳೆಯ ಗಾಯ ಅವಕ್ಕೆ ಒಂದು ಪುಟ್ಟ ಹಗೇವು! ಈ ಕ್ರಿಮಿಯನ್ನು ಶುದ್ಧವಾಗಿ ಬೆಳೆಸಲು ಯಾರಿಂದಲೂ ಆಗದಿದ್ದಾಗ ಜಪಾನಿನ ಕಿಟಸಾಟೊ 1889ರಲ್ಲಿ ಗಾಳಿಯನ್ನು ತೆಗೆದು ಜಲಜನಕವನ್ನು ತುಂಬಿದ ಪಾತ್ರೆಯಲ್ಲಿ ಬೆಳೆಸಿ ತೋರಿಸಿದನು.

ಇನ್ನು ಶ್ರೀರಂಗಪಟ್ಟಣಕ್ಕೆ ಬರೋಣ. ರಾಗಿಯ ಒಣನೆಲವನ್ನು ಬಿಟ್ಟು ವಿರಿಜಾ ನಾಲೆ, ಚಿಕ್ಕದೇವರಾಯಸಾಗರ ನಾಲೆ, ಬಂಗಾರದೊಡ್ಡಿ ನಾಲೆಗಳ ಬತ್ತದ ಬಯಲಿಗೆ ಬಂದರೆ ಗಾಳಿಯಿಲ್ಲದ ಲೋಕ ನಮ್ಮ ಹಿಮ್ಮಡಿಯ ಆಳದಲ್ಲಿಯೇ ಇದೆ. ಒಂದು ಲೀಟರು ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, ಒಂದು ಲೀಟರು ನೀರಿನಲ್ಲಿ ಕರಗಿರುವುದು ಸುಮಾರು 8 ಮಿಲಿಗ್ರಾಂ. ಅದೂ ನೀರಿನೊಳಗೆ ಹರಡಿಕೊಳ್ಳುವ ವೇಗ ಗಾಳಿಯಲ್ಲಿ ಹರಡುವುದರ ಹತ್ತು ಸಾವಿರದ ಒಂದು ಪಾಲು. ಆದುದರಿಂದ ಗದ್ದೆಗೆ ನೀರು ಕಟ್ಟಿ ಒಂದೆರಡು ದಿನಗಳಾಗುವುದರೊಳಗೆ, ಮೇಲಿನ ಕೆಲವು ಮಿಲಿಮೀಟರುಗಳ ತೆಳುಪದರವನ್ನುಳಿದು, ಕೆಳಗಿನ ಕೆಸರೆಲ್ಲ ಆಮ್ಲಜನಕವಿಲ್ಲದ ನಾಡಾಗುತ್ತದೆ. ಅಲ್ಲಿಯ ಪ್ರಜೆಗಳು ಹಟಗಾರರು. ಆಮ್ಲಜನಕವಿಲ್ಲದಿದ್ದರೆ ನೈಟ್ರೇಟಿನಿಂದ ಉಸಿರಾಡುತ್ತಾರೆ. ಅದು ಮುಗಿದರೆ ಕಬ್ಬಿಣದ ತುಕ್ಕಿನಿಂದ, ಅದೂ ತೀರಿದರೆ ಗಂಧಕದ ಸಲ್ಫೇಟಿನಿಂದ. ಹಳೆಯ ಕೆಸರು ಕರ್ರಗಾಗಿ ಕೊಳೆತ ಮೊಟ್ಟೆಯ ವಾಸನೆ ಬೀರುವುದು ಈ ಕಡೆಯವರ ಉಸಿರಿನಿಂದ. ಎಲ್ಲರೂ ಉಂಡು ಬಿಟ್ಟ ಎಂಜಲನ್ನು ತಿಂದು ಮೀಥೇನ್ ಅನಿಲವನ್ನು ಬಿಡುವವು ಮತ್ತೊಂದು ಕುಲದ ಜೀವಿಗಳು. ನೋಡಲು ಬ್ಯಾಕ್ಟೀರಿಯದಂತಿದ್ದರೂ ಇವು ಬ್ಯಾಕ್ಟೀರಿಯಗಳಲ್ಲ, ಜೀವವೃಕ್ಷದ ಬೇರೆಯೇ ಕೊಂಬೆ ಎಂದು 1977ರಲ್ಲಿ ಅಮೆರಿಕದ ಕಾರ್ಲ್ ವೂಸ್ ಸಾರಿದನು. ನಾಟಿಯ ಗದ್ದೆಯಲ್ಲಿ ಕಾಲೂರಿದಾಗ ಬುಳಬುಳನೆ ಏಳುವ ಗುಳ್ಳೆಗಳಲ್ಲಿ ಇವುಗಳ ಮೀಥೇನ್ ಇರುತ್ತದೆ. ಹಳ್ಳಿಯ ಗೋಬರ್ ಗ್ಯಾಸಿನ ಒಲೆಯಲ್ಲಿ ಉರಿಯುವುದೂ ಮುಖ್ಯವಾಗಿ ಅದೇ ಅನಿಲ. ಅದನ್ನು ಮಾಡುವ ಜೀವಿಗಳು ದನದ ಹೊಟ್ಟೆಯಲ್ಲಿಯೂ ಉಂಟು. ಹಸುವಿಗೆ ಒಣಹುಲ್ಲನ್ನು ತಾನಾಗಿ ಅರಗಿಸಿಕೊಳ್ಳುವ ಶಕ್ತಿಯಿಲ್ಲ. ತನ್ನ ದೊಡ್ಡಹೊಟ್ಟೆಯ ಗಾಳಿಯಿಲ್ಲದ ಕತ್ತಲೆಯಲ್ಲಿ ಸಾಕಿಕೊಂಡ ಸೂಕ್ಷ್ಮಜೀವಿಗಳಿಂದ ಅದನ್ನು ಅರಗಿಸಿಕೊಂಡು, ತೇಗಿನಲ್ಲಿ ಮೀಥೇನನ್ನು ಹೊರಹಾಕುತ್ತದೆ.

ಇಂತಹ ಕೆಸರಿನಲ್ಲಿ ಬತ್ತದ ಬೇರು ಬದುಕುವುದೇ ಒಂದು ವಿಸ್ಮಯ. ರಾಗಿಯ ಹೊಲದಲ್ಲಿ ನೀರು ನಿಂತರೆ ಕೆಲವು ದಿನಗಳಲ್ಲಿ ಪೈರು ಹಳದಿಯಾಗಿ ಕುಗ್ಗುತ್ತದೆ. ಬೇರು ಉಸಿರುಕಟ್ಟುವುದೇ ಅದಕ್ಕೆ ಕಾರಣ. ಬತ್ತದ ಗಿಡವಾದರೋ ತನ್ನ ದಂಟಿನಲ್ಲಿಯೂ ಬೇರಿನಲ್ಲಿಯೂ ಟೊಳ್ಳು ಕೊಳವೆಗಳನ್ನು ಬೆಳೆಸಿಕೊಂಡು ಎಲೆಯಿಂದ ಬೇರಿನ ತುದಿಯವರೆಗೆ ಗಾಳಿಯನ್ನು ಇಳಿಸುತ್ತದೆ. ಒಂದು ಬುಡವನ್ನು ಕಿತ್ತು ತೊಳೆದು ನೋಡಿದರೆ ಬೇರಿನ ಮೇಲೆ ಇಟ್ಟಿಗೆಬಣ್ಣದ ಲೇಪ ಕಾಣಬಹುದು. ಬೇರಿನಿಂದ ಸೋರಿದ ಆಮ್ಲಜನಕ ಸುತ್ತಲಿನ ಕಬ್ಬಿಣವನ್ನು ತುಕ್ಕುಹಿಡಿಸಿದ ಗುರುತು ಅದು. ಬತ್ತದ ಬೀಜ ಆಮ್ಲಜನಕ ಸ್ವಲ್ಪವೂ ಇಲ್ಲದ ನೀರಿನಲ್ಲಿಯೂ ಮೊಳೆತು, ಗಾಳಿಯನ್ನು ಹುಡುಕಿಕೊಂಡು ಎಲೆಯ ಒರೆಯೊಂದನ್ನು ಮೇಲಕ್ಕೆ ಚಾಚಬಲ್ಲುದು. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಗಾಳಿಯನ್ನು ಕೆಳಗಿಳಿಸುವ ಇದೇ ಕೊಳವೆಯಲ್ಲಿ ಮೀಥೇನ್ ಮೇಲೇರುತ್ತದೆ. ಗದ್ದೆಯಿಂದ ಹೊರಬೀಳುವ ಮೀಥೇನಿನ ಬಹುಪಾಲು ಬತ್ತದ ಗಿಡಗಳ ಮೂಲಕವೇ ಬರುವಂಥದು. ನೂರು ವರ್ಷಗಳ ಲೆಕ್ಕದಲ್ಲಿ ಈ ಅನಿಲ ತೂಕಕ್ಕೆ ತೂಕ ಇಂಗಾಲಾಮ್ಲಕ್ಕಿಂತ ಸುಮಾರು 28 ಪಾಲು ಹೆಚ್ಚಾಗಿ ಭೂಮಿಯನ್ನು ಬಿಸಿಮಾಡುತ್ತದೆ. ನೀರನ್ನು ಸದಾ ನಿಲ್ಲಿಸದೆ, ನಡುನಡುವೆ ಗದ್ದೆಯನ್ನು ಆರಲು ಬಿಟ್ಟರೆ ಕೆಸರಿಗೆ ಗಾಳಿ ತಾಗಿ ಮೀಥೇನ್ ಬಹಳ ತಗ್ಗುತ್ತದೆ. ನಾಲೆಯ ನೀರೂ ಉಳಿಯುತ್ತದೆ. ಕಾವೇರಿಯ ನೀರಿಗಾಗಿ ಇಷ್ಟೊಂದು ಬಡಿದಾಡುವ ನಮ್ಮಲ್ಲಿ ಈ ಪದ್ಧತಿಗೆ ಇನ್ನೂ ಹೆಚ್ಚಿನ ಮನ್ನಣೆ ದೊರೆಯಬೇಕಾಗಿತ್ತೆಂದು ನಮ್ಮ ಅಭಿಪ್ರಾಯ.

ನಾಲೆಯಿಂದ ನದಿಗೆ ಬಂದರೆ, ಶ್ರೀರಂಗಪಟ್ಟಣದ ಹತ್ತಿರದಲ್ಲಿಯೇ, 1940ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ರಂಗನತಿಟ್ಟು ಇದೆ. ಹಕ್ಕಿಗಳನ್ನು ನೋಡಲು ಹೋದವರೆಲ್ಲ ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳನ್ನೂ ಕಂಡಿರುತ್ತಾರೆ. ಮೊಸಳೆಗೆ ನಮ್ಮಂತೆ ಶ್ವಾಸಕೋಶವೇ ಇದ್ದರೂ ಅದು ಸುಮ್ಮನಿದ್ದರೆ ಒಂದು ಗಂಟೆಗೂ ಮೀರಿ ನೀರಿನೊಳಗೆ ಮುಳುಗಿರಬಲ್ಲುದು. ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ರಕ್ತದಲ್ಲಿ ಇಂಗಾಲಾಮ್ಲ ಹೆಚ್ಚಿ ಬೈಕಾರ್ಬನೇಟು ಸೇರಿದಂತೆಲ್ಲ ಅದರ ರಕ್ತವರ್ಣಕವು ತಾನು ಹಿಡಿದುಕೊಂಡಿದ್ದ ಆಮ್ಲಜನಕವನ್ನು ಹೆಚ್ಚು ಉದಾರವಾಗಿ ಬಿಟ್ಟುಕೊಡುತ್ತದೆ. ನಮ್ಮ ಕೆರೆಗಳ ಕೊರವ ಮೀನಿನ ಕಥೆ ಇದಕ್ಕೆ ವಿರುದ್ಧವಾದುದು. ಬೇಸಗೆಯ ಕೊಳೆನೀರಿನಲ್ಲಿ ಬೇರೆ ಮೀನುಗಳು ಉಸಿರುಕಟ್ಟಿ ತೇಲುವಾಗ ಅದು ನೀರಿನ ಮೇಲಕ್ಕೆ ಬಂದು ಬಾಯಿಂದ ಗಾಳಿಯನ್ನು ಗುಟುಕರಿಸುತ್ತದೆ. ಈ ಅಭ್ಯಾಸ ಎಷ್ಟು ಬಲವಾಗಿದೆಯೆಂದರೆ, ಮೇಲೆ ಬರದಂತೆ ಬಲೆಯಲ್ಲಿ ತಡೆದರೆ ಮೀನಾದರೂ ನೀರಿನಲ್ಲಿ ಮುಳುಗಿ ಸಾಯುತ್ತದೆ!

ಹೀಗೆ ಆಮ್ಲಜನಕಕ್ಕೆ ಅಂಟಿಕೊಂಡವರೂ ಅದಕ್ಕೆ ಅಂಜಿ ಕೆಸರಿನಲ್ಲಿ ಅಡಗಿದವರೂ ಒಂದೇ ಊರಿನಲ್ಲಿದ್ದಾರೆ. ಇವರಲ್ಲಿ ಹಿರಿಯರು ಯಾರು? ಉತ್ತರಕ್ಕಾಗಿ ಮರಳಿ ನಾಗಮಂಗಲಕ್ಕೆ ಹೋಗಬೇಕು. ಭೂವಿಜ್ಞಾನಿಗಳು ನಾಗಮಂಗಲ ಶಿಲಾಪಟ್ಟಿ ಎಂದು ಕರೆಯುವ ಬಂಡೆಗಳು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯವು. ಆ ಬಂಡೆಗಳು ಹುಟ್ಟಿದಾಗ ಭೂಮಿಯ ಮೇಲೆ ಜೀವವಿತ್ತು. ಗಾಳಿಯಲ್ಲಿ ಆಮ್ಲಜನಕ ಮಾತ್ರ ಇರಲಿಲ್ಲವೆಂದೇ ಹೇಳಬಹುದು. ಅಂದು ಇಡೀ ಪ್ರಪಂಚವೇ ಒಂದು ಹಗೇವು, ಬದುಕಿದ್ದವರೆಲ್ಲ ಗಾಳಿಯಿಲ್ಲದ ಬಾಳನ್ನು ಬಾಳುತ್ತಿದ್ದವರು. ಅನಂತರ ನೀಲಿಹಸುರಿನ ಸೂಕ್ಷ್ಮಜೀವಿಗಳು ಬಿಸಿಲಿನ ಬಲದಿಂದ ನೀರನ್ನು ಒಡೆಯಲು ಕಲಿತು ಆಮ್ಲಜನಕವನ್ನು ಹೊರಬಿಡತೊಡಗಿದುವು. ಇಂತಹ ಜೀವಿಗಳ ಪದರಗಳು ಸುಣ್ಣಕಲ್ಲಾಗಿ ಉಳಿದ ಗುರುತುಗಳು ನಮ್ಮ ಚಿತ್ರದುರ್ಗದ ಶಿಲಾಪಟ್ಟಿಯಲ್ಲಿಯೂ ದೊರೆತಿವೆ. ಮೊದಮೊದಲು ಆಮ್ಲಜನಕವನ್ನೆಲ್ಲ ಸಮುದ್ರದಲ್ಲಿ ಕರಗಿದ್ದ ಕಬ್ಬಿಣವೇ ನುಂಗಿ ತುಕ್ಕಾಗಿ ತಳಕ್ಕಿಳಿಯಿತು. ಸುಮಾರು 240 ಕೋಟಿ ವರ್ಷಗಳ ಹಿಂದೆ ಅದು ಗಾಳಿಯಲ್ಲಿ ನಿಲ್ಲತೊಡಗಿತು. ನಾಗಮಂಗಲದ ಹೊಲಗಳ ಕೆಂಪು ಮಣ್ಣು ಇಂದಿಗೂ ಕೆಂಪಾಗುವುದು ಇದೇ ಕಬ್ಬಿಣ, ಇದೇ ಆಮ್ಲಜನಕ ಕೂಡಿದ್ದರಿಂದ.

ಅಂದಿನ ಜೀವಿಗಳಿಗೆ ಇದೊಂದು ವಿಷದ ಪ್ರಳಯ. ಕೆಲವು ಅಳಿದಿರಬೇಕು. ಕೆಲವು ಕೆಸರಿಗೂ ಆಳಕ್ಕೂ ಇಳಿದುವು. ಅವುಗಳ ಸಂತಾನವೇ ನಮ್ಮ ಗದ್ದೆಯಲ್ಲಿಯೂ ಹಸುವಿನ ಹೊಟ್ಟೆಯಲ್ಲಿಯೂ ಇರುವುದು. ಮತ್ತೆ ಕೆಲವು ಆ ವಿಷವನ್ನೇ ಬಳಸಿಕೊಂಡು ಮೂವತ್ತು ನಾಣ್ಯದ ಶ್ರೀಮಂತಿಕೆಯನ್ನು ಪಡೆದುವು. ಅಂತಹದೊಂದು ಬ್ಯಾಕ್ಟೀರಿಯವನ್ನು ಇನ್ನೊಂದು ಕೋಶ ಒಳಗೆ ಸೇರಿಸಿಕೊಂಡು ಜೀರ್ಣಿಸದೆ ಸಾಕಿಕೊಂಡಿತು, ನಮ್ಮ ಕೋಶಗಳಲ್ಲಿರುವ ಮೈಟೋಕಾಂಡ್ರಿಯಗಳು ಅದರ ವಂಶಜರು ಎಂದು 1967ರಲ್ಲಿ ಲಿನ್ ಮಾರ್ಗುಲಿಸ್ ಎಂಬ ವಿದುಷಿ ಪ್ರತಿಪಾದಿಸಿದರು. ಅಂದು ಹುಬ್ಬೇರಿಸಿದ್ದ ವಿದ್ವಾಂಸರು ಮುಂದೆ ಒಪ್ಪಿಕೊಳ್ಳಬೇಕಾಯಿತು. ಪ್ರಾಣಿಗಳೆಲ್ಲಕ್ಕೂ ಈ ಬಾಡಿಗೆದಾರ ಬೇಕೇಬೇಕು ಎಂಬ ನಂಬಿಕೆಯೂ 2020ರಲ್ಲಿ ಸಡಿಲವಾಯಿತು. ಸಾಲ್ಮನ್ ಮೀನಿನ ಮಾಂಸದಲ್ಲಿ ಬಾಳುವ ಹೆನ್ನಿಗುಯ ಎಂಬ ಪರೋಪಜೀವಿ ಪ್ರಾಣಿಯೊಂದು ಮೈಟೋಕಾಂಡ್ರಿಯದ ವಂಶವಾಹಿಯನ್ನೇ ಕಳೆದುಕೊಂಡು ಆಮ್ಲಜನಕದ ಉಸಿರಾಟವನ್ನು ಬಿಟ್ಟುಬಿಟ್ಟಿದೆಯೆಂದು ಕಂಡುಬಂದಿತು. ಅದು ಹತ್ತು ಕೋಶಗಳೂ ಇಲ್ಲದ ಪುಟ್ಟ ಪ್ರಾಣಿ. ಎರಡು ನಾಣ್ಯದಲ್ಲಿ ಕಟ್ಟಬಹುದಾದ ಮನೆ ಅಷ್ಟೇ.

ಹಗೇವುಗಳು ಈಗ ಬಹುಮಟ್ಟಿಗೆ ಮುಚ್ಚಿಹೋಗಿವೆ. ರಾಗಿ ಗೋಣಿಚೀಲಕ್ಕೆ ಬಂದಿದೆ. ಆದರೆ ಹಗೇವಿನ ಗಾಳಿ ಊರನ್ನು ಬಿಟ್ಟು ಹೋಗಿಲ್ಲ. ಮನೆಮನೆಯ ಹಿತ್ತಿಲಿನ ಮಲಗುಂಡಿಯಲ್ಲಿಯೂ, ಪಟ್ಟಣದ ಒಳಚರಂಡಿಯ ಆಳುಗುಂಡಿಯಲ್ಲಿಯೂ, ಗೋಬರ್ ಗ್ಯಾಸಿನ ತೊಟ್ಟಿಯಲ್ಲಿಯೂ, ಬಹುಕಾಲ ಬಳಸದ ಬಾವಿಯಲ್ಲಿಯೂ ಅದು ಕಾದುಕೊಂಡಿದೆ. ಮಾತ್ರವಲ್ಲ, ಅಲ್ಲಿ ಅದಕ್ಕೆ ಕೆಟ್ಟ ಸಂಗಡಿಗರೂ ಸೇರಿದ್ದಾರೆ. ಗದ್ದೆಯ ಕೆಸರಿನಲ್ಲಿ ಕಂಡ ಕೊಳೆತ ಮೊಟ್ಟೆಯ ವಾಸನೆಯ ಅನಿಲ, ಹೈಡ್ರೊಜನ್ ಸಲ್ಫೈಡು, ಮಲಗುಂಡಿಯಲ್ಲಿ ಹೇರಳವಾಗಿ ಹುಟ್ಟಬಲ್ಲುದು. ಗಾಳಿಯಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲಾಯಿತೆಂದರೆ ಅದು ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಳ್ಳುವಾಗಲೇ ಭಯ ಹೆಚ್ಚು. ಸಾವಿರಕ್ಕೆ ಒಂದು ಪಾಲಾದರೆ ಒಂದೆರಡು ಉಸಿರಿನಲ್ಲಿ ಆಳು ಬೀಳುತ್ತಾನೆ. ಏತಕ್ಕೆಂದರೆ ಆ ಅನಿಲವು ಮೈಟೋಕಾಂಡ್ರಿಯದಲ್ಲಿ ಆಮ್ಲಜನಕವನ್ನು ಬಳಸುವ ಯಂತ್ರಕ್ಕೇ ಬೀಗ ಹಾಕುತ್ತದೆ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಕೋಶ ಉಪವಾಸ.

ಇಲ್ಲಿ ಹಗೇವಿನ ದೀಪ ಕೆಲಸಕ್ಕೆ ಬರುವುದಿಲ್ಲ. ಸಲ್ಫೈಡಿನ ವಿಷವನ್ನು ಅದು ತೋರಿಸಲಾರದು. ಮೀಥೇನ್ ಸೇರಿದ ಗಾಳಿಯಲ್ಲಿ ದೀಪವನ್ನು ಇಳಿಬಿಟ್ಟರೆ ಗುಂಡಿಯೇ ಸಿಡಿಯಬಹುದು. ಆದುದರಿಂದ ಹಳೆಯ ಬುದ್ಧಿಯನ್ನು ಹೊಸ ಗುಂಡಿಗೆ ಹಾಗೆಯೇ ಒಯ್ಯಬಾರದು. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೂ ಮಲಗುಂಡಿಗೂ ಇಳಿಸುವುದು 2013ರ ಕೇಂದ್ರ ಕಾಯಿದೆಯ ಪ್ರಕಾರ ಅಪರಾಧ. ಹೀರುವ ಯಂತ್ರಗಳು ಈಗ ತಾಲ್ಲೂಕು ಪಟ್ಟಣಗಳಲ್ಲಿಯೂ ಇವೆ. ಆದರೂ ಕೆಲವು ನೂರು ರೂಪಾಯಿಗಳ ಕೂಲಿಗೆ ಇಳಿದವರ, ಅವರನ್ನು ಎತ್ತಲು ಹಾರಿದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

ಅಂತಹ ಸ್ಥಳದಲ್ಲಿ ವಾಚಕರು ಯಾರಾದರೂ ನಿಂತಿರಬೇಕಾಗಿ ಬಂದರೆ ನೆನಪಿಡಬೇಕಾದದ್ದು ಇಷ್ಟು. ಒಳಗೆ ಬಿದ್ದವನ ಹಿಂದೆ ಹಾರಬಾರದು. ತಕ್ಷಣ 112ಕ್ಕೆ ಕರೆಮಾಡಿ ಅಗ್ನಿಶಾಮಕ ದಳದವರನ್ನು ಬರಮಾಡಿಕೊಳ್ಳಬೇಕು. ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಇಳಿಯುವವರು ಅವರು. ಅವರು ಬರುವವರೆಗೆ ಬೆಂಕಿ, ಬೀಡಿ, ದೀಪ ಯಾವುದನ್ನೂ ಹತ್ತಿರಕ್ಕೆ ತರದೆ, ಜನರನ್ನು ಬಾಯಿಯಿಂದ ದೂರ ನಿಲ್ಲಿಸಬೇಕು. ಹಗೇವಿಗೆ ಇಳಿಯುವವನ ಸೊಂಟಕ್ಕೆ ಬಲ್ಲವರು ಮೊದಲೇ ಹಗ್ಗ ಕಟ್ಟಿ, ಅದರ ತುದಿಯನ್ನು ಇಬ್ಬರ ಕೈಯಲ್ಲಿ ಕೊಡುತ್ತಿದ್ದರು. ಬಿದ್ದರೆ ಮೇಲಿನಿಂದಲೇ ಎಳೆದುಕೊಳ್ಳಬಹುದು, ಇನ್ನೊಬ್ಬನು ಇಳಿಯಬೇಕಾಗಿಲ್ಲ.